ಅಕ್ಕನ ಕಿಡ್ನಿಗೆ ಬಿಡಾರ ಬದಲಿಸಿದ ವೈರಾಣು ಮಹಾಶಯರಿಗೆ

ಮಾನ್ಯ ಸಿಎಂವಿ ವೈರಾಣು ಮಹಾಶಯರೇ,

ಇಲ್ಲ ಮಾನ್ಯರೇ, ಕರೆಯದೆ ಬಂದವನಲ್ಲ ಎಂಬ ತಮ್ಮ ವಾದವನ್ನು ನಾನು ಅಲ್ಲಗಳೆಯುತ್ತಿಲ್ಲ. ನಮ್ಮ ಇಲೊಯಿಲೊ ಪಟ್ಟಣದ ಬಹುಪಾಲು ಜನರ ಮೈಯಲ್ಲಿ, ಪಾದ್ರಿಗಳಲ್ಲಿ, ಮೇಯರ್ ಸಾಹೇಬರಲ್ಲಿ ಕೂಡ, ತಾವು ಯಾರಿಗೂ ಉಪದ್ರವ ಕೊಡದೆ ಮಲಗಿದ್ದೀರೆಂದು ಡಾಕ್ಟರ್ ಟಿಂಗ್ಸನ್ ಅಮ್ಮನವರೇ ತಮ್ಮ ಪರವಾಗಿ ಹೇಳಿದರು. ನಾನು ಮತ್ತು ನನಗೆ ಕಿಡ್ನಿ ಕೊಟ್ಟ ಅಕ್ಕ ಮೆರ್ಲಿಂಡಾ, ನಾವಿಬ್ಬರು ಮಾತ್ರ ತಮ್ಮ ಪರಿಚಯವಿಲ್ಲದ ಅನಾಗರಿಕರಾಗಿದ್ದೆವು.

ಆ ಕೊರತೆ ನೀಗಿದ್ದು ನಾನು ಆಸ್ಪತ್ರೆಯಿಂದ ಬಂದ ಖುಷಿಗೆ ಮನೆಯವರು ಇಟ್ಟುಕೊಂಡ ಕೂಟದಲ್ಲಿ. ನಮ್ಮಲ್ಲಿ ಹತ್ತು ಜನ ಕೂತರೂ ಲೋಟ ಒಂದೇ. ಒಬ್ಬ ಸುರಿದು ಕೊಡುತ್ತಾನೆ, ಸರದಿಯಂತೆ ಎಲ್ಲರೂ ಕುಡಿಯುತ್ತಾರೆ, ಬೇಡವೆಂದವನು ಬಂಧುವಲ್ಲ. ನನಗೆ ಹೆಂಡ ಕೂಡದೆಂದು ಎಲ್ಲರಿಗೂ ನೆನಪಿತ್ತು, ಆದ್ದರಿಂದ ನನ್ನ ಸರದಿ ಬಂದಾಗಲೆಲ್ಲ ಚಿಕ್ಕಪ್ಪ ಬೆರ್ತಿಂಗ್ ಅತಿ ಜಾಗ್ರತೆಯಿಂದ ನಿಂಬೆ ಶರಬತ್ತನ್ನೇ ಸುರಿದರು. ಅದೇ ಲೋಟಕ್ಕೆ. ಬೇರೆ ಲೋಟ ಕೊಡಿ ಎಂದು ನಾನು ಕೇಳದೆ ಇರಲಿಲ್ಲ. "ಏನೋ ತೋತೋ, ಹೊಸ ಕಿಡ್ನಿ ಬಂದ್ಮೇಲೆ ಹಳೇ ಚಿಕ್ಕಪ್ಪನ ಎಂಜಲು ಅಸಹ್ಯ ಆಯ್ತಾ?" ಎಂದರು; ನಮ್ಮಲ್ಲಿ ಹುಡುಗರನ್ನೆಲ್ಲ ತೋತೋ ಎಂದೇ ಕರೆಯುವುದು. ಎಲ್ಲರೂ ನಕ್ಕರು, ನಾನೂ ನಕ್ಕೆ, ಕುಡಿದೆ. ತಾವೂ ಆ ಸರದಿಯಲ್ಲೇ ಬಂದಿರೆಂದು ಡಾಕ್ಟರ ಊಹೆ.

ಅಲ್ಲಿಂದ ತಾವು ತೋರಿದ ಚುರುಕು ಕಂಡರೆ ನಮ್ಮ ಸರ್ಕಾರಿ ಕಚೇರಿಗಳೇ ನಾಚಬೇಕು. ಐದನೆಯ ವಾರಕ್ಕೆ ಜ್ವರ, ಆರನೆಯ ವಾರಕ್ಕೆ ಭೇದಿ, ಈಗ ಕಿಡ್ನಿಯ ಬಾಗಿಲಲ್ಲೇ ತಮ್ಮ ಸವಾರಿ. ಒಂದೇ ಕಡೆ ಕೂರಲಾರದ ಹುಡುಗನೆಂದು ಜನರನ್ನು ಸಾಗಿಸುವ ಜೀಪ್ನಿ ಗಾಡಿಗಳ ನಿಲ್ದಾಣದಲ್ಲಿ ನನ್ನನ್ನು ಎಲ್ಲರೂ ಬೈಯುತ್ತಿದ್ದರು. ತಮ್ಮನ್ನು ನೋಡಿದ ಮೇಲೆ ನಾನು ಸ್ಥಿರಚಿತ್ತನೆಂದು ಮನವರಿಕೆಯಾಗಿದೆ.

ಕಿಡ್ನಿಯನ್ನು ಹೊರಗಿನದೆಂದು ಮೈ ಹೊಡೆಯದಿರಲೆಂದು ನನಗೆ ಮಾತ್ರೆ ಕೊಟ್ಟು ಮೈಯನ್ನು ಮಂಕಾಗಿಸಿದ್ದರು. ಈಗ ತಮ್ಮ ಗೌರವಾರ್ಥ ಆ ಮಾತ್ರೆಯನ್ನು ಇಳಿಸಿದ್ದಾರೆ. "ನಿನ್ನ ಮೈ ಎದ್ದು ಇವನನ್ನ ಹೊಡೀಬೇಕು. ಎದ್ದ ಮೈ ಅಕ್ಕನ ಕಿಡ್ನಿಯನ್ನೂ ಹೊಡೆದ್ರೆ ನನ್ನ ಕೈಲಿ ಹೆಚ್ಚೇನೂ ಇಲ್ಲ," ಎಂದರು ಡಾಕ್ಟರಮ್ಮ. ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಹೊರುವ ಅಕ್ಕ ಇದನ್ನು ಕೇಳಿಸಿಕೊಂಡು, "ಕೊಟ್ಟಿದ್ದು ಕೊಟ್ಟೆ. ಇನ್ನೊಂದು ಕೇಳ್ಬೇಡ, ಅದು ನಂಗೆ ಬೇಕು," ಎಂದಷ್ಟೇ ಹೇಳಿ ನನ್ನ ಗಂಜಿ ಆರಿಸತೊಡಗಿದಳು.

ಆದಕಾರಣ ತಮ್ಮಲ್ಲಿ ಸವಿನಯ ಕೋರಿಕೆ: ದಯವಿಟ್ಟು ತಮ್ಮ ವಾಸವನ್ನು ನನ್ನ ಎಡಗಾಲಿನ ಕಿರುಬೆರಳಿಗೆ ಬದಲಿಸಿಕೊಳ್ಳಬೇಕು. ಅದು ನನ್ನದೇ ಸ್ವಂತದ್ದು, ಯಾರೂ ಕೊಯ್ದು ಕೊಟ್ಟದ್ದಲ್ಲ. ಅದು ಇಕ್ಕಟ್ಟೆನಿಸಿದರೆ ಬಲಗಾಲಿನದನ್ನೂ ಸೇರಿಸಿ ಬರೆದುಕೊಡುತ್ತೇನೆ. ಪ್ರತಿಯಾಗಿ ಚಿಕ್ಕಪ್ಪ ಬೆರ್ತಿಂಗರಲ್ಲಿ ಮಲಗಿರುವ ತಮ್ಮ ಕುಟುಂಬದವರ ಬಗ್ಗೆ ನಾನು ಎಲ್ಲಿಯೂ ಚಾಡಿ ಹೇಳುವುದಿಲ್ಲ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿಯಾಗಿರುವ,
ಅರ್ನೆಲ್ ಸುಮಗಾಯ್ಸಾಯ್

ತಾ.ಕ.: ಮಾತ್ರೆ ಇಳಿಸಿ ಮೂರು ವಾರವಾಯಿತು. ಮೈ ಎದ್ದು ಯಾರನ್ನು ಹೊಡೆಯುತ್ತಿದೆ, ತಮ್ಮನ್ನೋ ಅಕ್ಕನ ಕಿಡ್ನಿಯನ್ನೋ ಎಂಬುದು ಇವತ್ತಿನ ಪರೀಕ್ಷೆಯಲ್ಲಿ ತಿಳಿಯುತ್ತದೆ. ಅಕ್ಕ ಆಗಲೇ ಚಪ್ಪಲಿ ಮೆಟ್ಟಿ ಬೀದಿಯಲ್ಲಿ ನಿಂತಿದ್ದಾಳೆ. ತಮ್ಮನ್ನು ಮನೆಯೊಳಗೇ ಕೂಡಿಹಾಕಿ ಹೋಗುವ ಆಸೆಯಿತ್ತು, ಆದರೆ ಸೂಜಿ ಚುಚ್ಚುವುದು ನನಗಾದರೂ ಹುಡುಕುವುದು ತಮ್ಮನ್ನೇ. ಬಾಗಿಲು ಎಳೆದುಕೊಳ್ಳುತ್ತಿದ್ದೇನೆ, ನನ್ನ ಜೊತೆಗೇ ಹೊರಡಿ.