ಎದುರುಬದುರು ಉಂಡವರ ರಾಜದ್ರೋಹ

ಬಹಳ ಹಿಂದೆ, ಮೂರ್ಖತನ ಮಾಡಲು ಇನ್ನೂ ಸಮಿತಿ ನೇಮಿಸಬೇಕಾಗಿಲ್ಲದ ಕಾಲದಲ್ಲಿ, ದಿಗ್ಭ್ರಾಂತಪುರವೆಂಬ ರಾಜ್ಯವಿತ್ತು. ಅಲ್ಲಿಯ ಪ್ರಜೆಗಳಿಗೆ ದೇವರು ಒಬ್ಬನೇ, ಮತ ಮಾತ್ರ ಎರಡು. ಮೂಡಣದವರು ಪೂರ್ವಕ್ಕೆ ಮುಖಮಾಡಿ ಉಣ್ಣುವರು, ಪಡುವಣದವರು ಪಶ್ಚಿಮಕ್ಕೆ. ಉಣ್ಣುವಾಗ ಕತ್ತು ತಿರುಗಿಸಿದರೆ ಧರ್ಮಭ್ರಷ್ಟತೆ. ಹೀಗಾಗಿ ಮುನ್ನೂರು ವರ್ಷಗಳಿಂದ ಆ ನಾಡಿನಲ್ಲಿ ಪ್ರತಿಯೊಬ್ಬನೂ ಮುಂದೆ ಕೂತವನ ಬೆನ್ನು ನೋಡುತ್ತಲೇ ಉಂಡು ಎದ್ದಿದ್ದ. ಮತ ಬಿಟ್ಟು ಮದುವೆಯಂತೂ ಇಲ್ಲವೇ ಇಲ್ಲ. ಅಂಥ ಗಂಡಹೆಂಡಿರ ಎಲೆ ಯಾವ ಕಡೆಗೆ ಹಾಕಬೇಕೆಂದು ಯಾವ ಶಾಸ್ತ್ರವೂ ಹೇಳಿರಲಿಲ್ಲ.

ಹೀಗಿರುವಾಗ ಉತ್ತರದ ಕುಂಭಗಿರಿಯವರೊಡನೆ ಯುದ್ಧ ಬಂತು. ಕಾರಣ ಕೇಳಬೇಡಿ, ರಾಜರಿಗೇ ನೆನಪಿರಲಿಲ್ಲ. ರಾಜಾಧಿರಾಜ ಪ್ರಚಂಡವರ್ಮ ಪ್ರಭುಗಳು ಮಿತವ್ಯಯದ ಸುಗ್ರೀವಾಜ್ಞೆ ಹೊರಡಿಸಿದರು: ಸೌದೆ ಉಳಿಸಲು ಕೋಟೆಯ ಕೆಲಸಗಾರರೆಲ್ಲ ಒಂದೇ ಭೋಜನಶಾಲೆಯಲ್ಲಿ ಉಣ್ಣತಕ್ಕದ್ದು. ಸಹಿಗೆ ಮುನ್ನ ಒಬ್ಬನಾದರೂ ಯೋಚಿಸಬೇಕಿತ್ತು. ಮೂಡಣದವರದೊಂದು ಸಾಲು, ಪಡುವಣದವರದೊಂದು ಸಾಲು. ಎಲ್ಲರೂ ಶಾಸ್ತ್ರೋಕ್ತವಾಗಿ ಎದುರುಬದುರಾದರು.

ಬಾಣಗಳಿಗೆ ಗರಿ ಕಟ್ಟುವ ಮೂಡಣದ ಕೆಂಚಾಂಬೆಯ ಎದುರಿಗೆ ಬಂದು ಕೂತವನು ಕೋಟೆಯ ಮೇಲೆ ನಗಾರಿ ಬಾರಿಸುವ ಪಡುವಣದ ಬೊಮ್ಮರಸ. ನುಗ್ಗೇಕಾಯಿ ಸೀಪುವಾಗ ಮನುಷ್ಯನ ಮುಖ ಹೇಗಿರುತ್ತದೆಂದು ಅವಳು ಹುಟ್ಟಿದಂದಿನಿಂದ ನೋಡಿರಲಿಲ್ಲ. ನಕ್ಕಳು. ಅವನೂ ನಕ್ಕ, ಸಾರು ನೆತ್ತಿಗೆ ಹತ್ತಿಸಿಕೊಂಡ. ಹತ್ತು ದಿನದಲ್ಲಿ ಇಬ್ಬರಿಗೂ ಅನ್ನ ಸೇರದಾಯಿತು, ಆದರೂ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಇದನ್ನು ಬರೆಯುವಾಗ ನನಗೇ ಖುಷಿಯಾಗುತ್ತಿದೆ.

"ಯುದ್ಧ ಮುಗೀಲಿ ಅಂತ ಕಾಯೋಳಲ್ಲ ನಾನು," ಎಂದಳು ಕೆಂಚಾಂಬೆ. "ನೀವು ಕೋಟೆ ಮೇಲೆ ನಿಲ್ಲೋರು, ಮೊದಲನೇ ಬಾಣ ನಿಮಗೇ ಬೀಳೋದು. ಈ ಹುಣ್ಣಿಮೆಗೆ ಮದುವೆ ಆಗ್ಬಿಡೋಣ."

ಸುದ್ದಿ ಹಬ್ಬಿತು. ನಲವತ್ತು ವರ್ಷ ಮಾತು ಬಿಟ್ಟಿದ್ದ ಎರಡೂ ಮತದ ಗುರುಗಳು ಒಂದೇ ಪಲ್ಲಕ್ಕಿಯಲ್ಲಿ, ಬೆನ್ನಿಗೆ ಬೆನ್ನು ಕೊಟ್ಟು, ಅರಮನೆಗೆ ಧಾವಿಸಿದರು. ತುರ್ತು ಸಂಪುಟ ಸಭೆ ಸೇರಿತು. ವೈರಿ ಐದು ದಿನದ ದಾರಿಯಲ್ಲಿದ್ದಾನೆಂದು ಸೇನಾಪತಿ ವರದಿ ಒಪ್ಪಿಸಿದ. ಯಾವುದನ್ನು ಮೊದಲು ನೋಡೋಣವೆಂದು ಪ್ರಭುಗಳು ಮಹಾಮಂತ್ರಿ ಸ್ತುತಿಶೇಖರನನ್ನು ಕೇಳಿದರು.

"ಪ್ರಭು, ವೈರಿ ಬಂದರೆ ರಾಜ್ಯ ಮಾತ್ರ ಹೋಗುತ್ತದೆ. ಈ ಮದುವೆಯಾದರೆ ಪ್ರಜೆಗಳು ಒಬ್ಬರ ಮುಖ ಒಬ್ಬರು ನೋಡಲು ಕಲಿಯುತ್ತಾರೆ. ಆಮೇಲೆ ತಮ್ಮ ಮುಖ ಯಾರು ನೋಡುತ್ತಾರೆ?"

ಪ್ರಭುಗಳು ಗದ್ಗದಿತರಾದರು. ಭೋಜನಶಾಲೆಯ ನಟ್ಟನಡುವೆ 'ಪ್ರೇಮ ನಿಯಂತ್ರಣ ತಡೆಗೋಡೆ, ಮೊದಲನೇ ಹಂತ'ಕ್ಕೆ ಶಂಕುಸ್ಥಾಪನೆಯಾಯಿತು. ಅಷ್ಟು ಬೇಗ ಸಿಗುವ ಕಲ್ಲು ಇದ್ದದ್ದು ಕೋಟೆಯ ಉತ್ತರದ ಗೋಡೆಯಲ್ಲಿ, ಕಿತ್ತು ತಂದರು. ಗೋಡೆ ಎದೆಮಟ್ಟಕ್ಕೆ ಬಂದಾಗ ಪ್ರೇಮಿಗಳು ನಿಂತು ಉಂಡರು. ಸೂರಿಗೆ ಮುಟ್ಟಿದಾಗ ಬೊಮ್ಮರಸ ಬೆರಳಿನಿಂದ ಕಲ್ಲಿನ ಮೇಲೆ ತಾಳ ಹಾಕಿದ, ಆಚೆಯಿಂದ ಬಳೆಗಳು ಉತ್ತರ ಕೊಟ್ಟವು. ಎರಡನೇ ಹಂತದಲ್ಲಿ ಗೋಡೆ ದಪ್ಪವಾಯಿತು, ಕೋಟೆ ಅಷ್ಟೇ ಬರಿದಾಯಿತು. ನಗಾರಿಯನ್ನೂ ಪ್ರೇಮಸಂವಹನ ಸಾಧನವೆಂದು ಘೋಷಿಸಿ ಜಪ್ತಿ ಮಾಡಿದರು.

ಹುಣ್ಣಿಮೆಯ ಮಧ್ಯಾಹ್ನ ಕುಂಭಗಿರಿಯ ಸೈನ್ಯ ಕಲ್ಲು ಕಿತ್ತ ಉತ್ತರದ ಗೋಡೆಯ ತೆರಪಿನಿಂದ ಆರಾಮವಾಗಿ ಒಳಬಂತು. ಕೋಟೆಯ ಮೇಲಿದ್ದ ಬೊಮ್ಮರಸ ಮೊದಲು ಕಂಡ. ಬಾರಿಸಲು ನಗಾರಿ ಇಲ್ಲ. ಓಡಿಬಂದು ಭೋಜನಶಾಲೆಯ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. ಊಟ ನಡೆದಿತ್ತು, ಬಾಗಿಲು ಉತ್ತರಕ್ಕಿತ್ತು. ಯಾರ ಕತ್ತೂ ತಿರುಗಲಿಲ್ಲ. ಕೆಂಚಾಂಬೆಯೊಬ್ಬಳು ತಿರುಗಿದಳು, ಎಲೆ ಬಿಟ್ಟು ಎದ್ದಳು, ಎಂಜಲು ಕೈಯಲ್ಲೇ ಅವನ ಕೈ ಹಿಡಿದಳು. ಪಾಣಿಗ್ರಹಣವೆಂದರೆ ಅಷ್ಟೇ ತಾನೆ. ಸೈನ್ಯ ಒಳಬರುತ್ತಿದ್ದ ಜಾಗದಿಂದಲೇ ಇಬ್ಬರೂ ಹೊರಬಿದ್ದರು. ಮದುವೆ ಜೋಡಿಯೆಂದು ವೈರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟರಂತೆ.

ಸಂಜೆ ಪ್ರಭುಗಳು ಶರಣಾಗತಿ ಪತ್ರಕ್ಕೆ ಸಹಿ ಹಾಕಿದರು, ಮರುದಿನ ವಿಜಯೋತ್ಸವ ಘೋಷಿಸಿದರು. ರಾಜ್ಯದಲ್ಲಿ ಮತ ಮೀರಿದ ಪ್ರೇಮ ಒಂದೂ ಉಳಿದಿಲ್ಲವೆಂಬುದು ಘೋಷಣೆಯ ಸಾರಾಂಶ. ಸುಳ್ಳೇನಲ್ಲ, ಇದ್ದ ಒಂದು ಜೋಡಿ ಹೋಗಿತ್ತಲ್ಲ. ಇಬ್ಬರು ಗುರುಗಳೂ ಸೇರಿ, ಕುಂಭಗಿರಿಯ ದಂಡನಾಯಕನ ಅಪ್ಪಣೆ ಪಡೆದು, 'ಪ್ರೇಮಭಂಜನ ಚಕ್ರವರ್ತಿ' ಎಂಬ ಬಿರುದಿನೊಂದಿಗೆ ಪ್ರಭುಗಳಿಗೆ ಹೊಸ ಕಿರೀಟವಿಟ್ಟರು.

ಕೋಟೆಯನ್ನು ಮತ್ತೆ ಕಟ್ಟಿಕೊಡಬೇಕೆಂದು ಹೊಸ ಒಡೆಯರು ಹೇಳಿದರು. ತಡೆಗೋಡೆ ಈಗ ಎರಡೂ ಮತಗಳಿಗೆ ಪವಿತ್ರ, ಅದರ ಕಲ್ಲು ಮುಟ್ಟುವಂತಿಲ್ಲ. ಆದ್ದರಿಂದ ಪ್ರಜೆಗಳು ತಂತಮ್ಮ ಮನೆಯ ಮುಂಗೋಡೆ ಕೆಡವಿ ಕಲ್ಲು ಹೊತ್ತರು. ಗೋಡೆ ಹೋದ ಮೇಲೆ ಬೀದಿಯ ಆಚೀಚೆಯವರು ಕಾಣುವರೆಂದು ಇನ್ನೊಂದು ಆಜ್ಞೆ ಬಂತು: ಊಟದ ಹೊತ್ತಿಗೆ ಎಲ್ಲರೂ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು.

ಬೀದಿಯ ಈ ಬದಿ ಕೆಂಚಾಂಬೆಯ ತಾಯಿ, ಆ ಬದಿ ಬೊಮ್ಮರಸನ ತಾಯಿ, ಹಾಗೆಯೇ ಕಣ್ಣು ಕಟ್ಟಿಕೊಂಡು ಉಣ್ಣುತ್ತಾರೆ. ಒಂದು ದಿನ ಕುಂಭಗಿರಿ ಕಡೆಯ ಬಳೆಗಾರ ಸುದ್ದಿ ಹೇಳಿ ಹೋದ.

"ಮಗು ಆಗೈತಂತೆ ಕಣಕ್ಕ," ಎಂದಳು ಕೆಂಚಾಂಬೆಯ ತಾಯಿ, ಮೆಲ್ಲಗೆ.

ಆಚೆಯಿಂದ ಬೊಮ್ಮರಸನ ತಾಯಿ ಕೇಳಿದಳು: "ಯಾವ ಕಡೆ ಮುಖ ಮಾಡ್ಕೊಂಡು ಉಣ್ತದಂತೆ?"

"ಇನ್ನೂ ಹಾಲು ಕುಡಿಯೋ ಕೂಸು. ಅವ್ವನ ಮುಖ ನೋಡ್ಕೊಂಡು ಕುಡೀತದಂತೆ."

ಇಬ್ಬರ ಕಣ್ಣಿನ ಬಟ್ಟೆಯೂ ಒದ್ದೆಯಾಯಿತು. ಕಾವಲಿನವನು ಬಂದು, ಸಡಿಲಾಗಿದೆಯೇನೋ ಎಂದು, ಗಂಟು ಇನ್ನಷ್ಟು ಬಿಗಿದು ಹೋದ.