ಸಾಹೇಬರ ಹಲ್ಲಿಗೆ ಹಸಿವಿಲ್ಲ

ಗುಮಾಸ್ತನ ಹತ್ತು ದಿನದ ರಜೆ ಒಂದು ಹಲ್ಲಿಯ ಬಾಯಿಗೆ ಸಿಕ್ಕಿಬಿತ್ತು. ಹೆಂಡತಿ ತವರಿನಲ್ಲಿ ಹೆತ್ತು ಇಪ್ಪತ್ತು ದಿನವಾಗಿತ್ತು. ಮಗಳ ಮುಖವನ್ನು ಪಾಪ, ಅವನಿನ್ನೂ ನೋಡಿರಲಿಲ್ಲ. ಅರ್ಜಿ ಹಿಡಿದು ಹೋದರೆ ಸಾಹೇಬರು ಅವನ ಕೈಗೆ ಗಾಜಿನ ಪೆಟ್ಟಿಗೆ ಕೊಟ್ಟರು. ಒಳಗೆ ಮೊಳದುದ್ದದ ವಿದೇಶಿ ಸಾಕು ಹಲ್ಲಿ.

“ವಾರದಿಂದ ಏನೂ ತಿಂತಿಲ್ಲ ಕಣಯ್ಯ. ಇದರ ಆರೋಗ್ಯಕ್ಕೆ ಯಾವ ಆಹಾರ ಒಳ್ಳೇದು ಅಂತ ತಿಳ್ಕೊಂಡು ಹಾಕು. ಸಂಜೆ ನಾನು ಬರೋ ಹೊತ್ತಿಗೆ ತಿಂದಿದ್ರೆ ರಜೆಗೆ ರುಜು ಹಾಕ್ತೀನಿ.”

ಸಾಹೇಬರು ಹೊರಟಿದ್ದೇ ತಡ, ಕಚೇರಿಯೇ ಮೇಜಿನ ಸುತ್ತ ನೆರೆಯಿತು.

“ಕುಂಬಳಕಾಯಿ ತುರಿದು ಹಾಕಪ್ಪ, ಹೊಟ್ಟೆಗೆ ತಂಪು,” ಎಂದಳು ಟೈಪಿಸ್ಟ್ ಅಕ್ಕ.

“ಅದೇನು ಹಸುವೇನ್ರಿ? ಮಿಡತೆ ಬೇಕು ಅದಕ್ಕೆ,” ಎಂದ ಉಗ್ರಾಣದ ದಪ್ಪಣ್ಣ.

“ನಾನು ಮೀನು ಸಾಕಿದೋನು, ನನ್ ಮಾತು ಕೇಳಿ. ಬೇಯಿಸಿದ ಮೊಟ್ಟೆ,” ಎಂದ ಕಾವಲುಗಾರ. ಆ ಮೀನುಗಳು ಮೂರೇ ದಿನ ಬದುಕಿದ್ದನ್ನು ಯಾರೂ ನೆನಪಿಸಲಿಲ್ಲ.

ಗುಮಾಸ್ತ ಪಶುವೈದ್ಯರಿಗೆ ಫೋನ್ ಮಾಡಿದ. “ಸೊಪ್ಪು ಜಾಸ್ತಿ, ಹುಳ ಕಮ್ಮಿ,” ಎಂದರು ಅವರು. ಮಾರುಕಟ್ಟೆಗೆ ಓಡಿ ಸೊಪ್ಪು ತಂದು, ಕಾಗದದ ಕತ್ತರಿಯಲ್ಲೇ ಕೊಚ್ಚಿ ಮುಂದಿಟ್ಟ. ಹಲ್ಲಿ ಮೂಸಲೂ ಇಲ್ಲ. ಬೇರೆ ಸೊಪ್ಪಿಗೆ ಓಡಿದ. ಅದೂ ಬೇಡವಾಯಿತು. ಮೂರನೆಯ ಸಲ ತಂದಾಗ ತಾನೇ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಜಗಿದು ತೋರಿಸಿದ. ಬೀಗರ ಮನೆಯಲ್ಲಿ ಎರಡನೇ ಸಲ ಬಡಿಸಲು ಬಂದಾಗ ಬೇಡವೆನ್ನುವವರಂತೆ ಹಲ್ಲಿ ಮುಖ ತಿರುಗಿಸಿತು. ಅವನಿಗೆ ಅಳುವೇ ಬಂತು.

ಸಂಜೆ ಸಾಹೇಬರು ಬಂದು ಹಲ್ಲಿಯನ್ನು ಎತ್ತಿ ನೋಡಿದರು. ಹೊಟ್ಟೆ ದುಂಡಗಾಗಿತ್ತು.

“ಭೇಷ್, ಚೆನ್ನಾಗೇ ತಿಂದಿದೆ.”

ಗುಮಾಸ್ತ ಕಕ್ಕಾಬಿಕ್ಕಿಯಾದ. ಟೈಪಿಸ್ಟ್ ಅಕ್ಕ ಕಿವಿಯಲ್ಲಿ ಹೇಳಿದಳು: “ನೀನು ಸೊಪ್ಪಿಗೆ ಹೋದಾಗ ಕುಂಬಳಕಾಯಿ ನಾನೇ ತಿನ್ನಿಸ್ದೆ. ಮಗು ಮುಖ ನೋಡ್ಲಿ ಅಂತ.” ಆಚೆ ಕಿವಿಯಲ್ಲಿ ದಪ್ಪಣ್ಣ ಮಿಡತೆಯ ಲೆಕ್ಕ ಒಪ್ಪಿಸಿದ. ಬಾಗಿಲಲ್ಲಿ ಕಾವಲುಗಾರ ಮೊಟ್ಟೆಯ ಸಿಪ್ಪೆಯನ್ನು ಜೇಬಿಗೆ ತುರುಕುತ್ತಿದ್ದ.

ಸಾಹೇಬರು ಮಾತಿಗೆ ತಪ್ಪಲಿಲ್ಲ, ರುಜು ಹಾಕಿದರು. “ಏನು ಕೈಗುಣ ಕಣಯ್ಯ ನಿಂದು. ಇನ್ನು ಬೇರೆಯವರ ಕೈಗೆ ಕೊಡೋಕೆ ನಂಗೆ ಧೈರ್ಯ ಇಲ್ಲ. ಹತ್ತು ದಿನ ಇದನ್ನೂ ಜೊತೇಲೇ ಕರ್ಕೊಂಡು ಹೋಗು.”

ಪೆಟ್ಟಿಗೆ ತಬ್ಬಿಕೊಂಡು ಬಸ್ಸು ಹತ್ತಿದಾಗ ಹೆಂಡತಿಯ ಫೋನ್ ಬಂತು.

“ರಜೆ ಸಿಕ್ತಾ? ಬೇಗ ಬನ್ರಿ. ತೊಟ್ಟಿಲ ಹತ್ರ ಗೋಡೇಲಿ ಒಂದು ಹಲ್ಲಿ ಬಂದಿದೆ. ಮಧ್ಯಾಹ್ನದಿಂದ ನಾನು, ಅಮ್ಮ ಮಗೂನ ಎತ್ಕೊಂಡು ಬೀದೀಲಿ ಕೂತಿದೀವಿ. ನೀವು ಬಂದು ಅದನ್ನ ಓಡಿಸೋ ತನಕ ನಾವು ಒಳಗೆ ಕಾಲಿಡಲ್ಲ.”