ಗಂಗವ್ವನ ಕಣ್ಣು, ನನ್ನ ರೆಕಾರ್ಡಿಂಗು

ನಮ್ಮ ಸೇವಾ ಸಂಸ್ಥೆಯವರು ದಿಗ್ಗೇವಾಡಿಯಲ್ಲಿ ಉಚಿತ ಕಣ್ಣಿನ ಶಿಬಿರ ಮಾಡಲು ನಿರ್ಧರಿಸಿದಾಗ, ಜನರನ್ನು ಕರೆಯುವ ಘನ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಜನ ಸೇರದಿದ್ದರೆ ಮತ್ತೆ ಈ ಕಡೆ ಬರುವುದಿಲ್ಲ ಎಂದು ಮಿರಜಿನ ಡಾಕ್ಟರು ಮೊದಲೇ ಹೇಳಿದ್ದರು. ನಮ್ಮ ಓಣಿಯ ಗಂಗವ್ವನಿಗಂತೂ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಯಾರೆಂದು ತಿಳಿಯುತ್ತಿರಲಿಲ್ಲ.

"ಮನಿ ಮನಿಗಿ ಹೋಗಿ ಕರದ ಬರೂಣ ನಡೀರಿ," ಎಂದಳು ಹೆಂಡತಿ ಸುನಂದಾ.

"ಹುಚ್ಚಿ! ಊರ ತುಂಬ ಮೊಬೈಲ್ ಬಂದಾವು. ಮನಿ ಮನಿ ತಿರಗಾಕ ನಾ ಏನ ಬಳಿಗಾರ ಅದೀನೇನು?"

ನನ್ನ ದನಿಯನ್ನು ರೆಕಾರ್ಡ್ ಮಾಡಿಸಿ, ಎಲ್ಲರ ಫೋನಿಗೂ ಒಂದೇ ಏಟಿಗೆ ಹೋಗುವ ವ್ಯವಸ್ಥೆ ಮಾಡಿದೆ. "ಮಾನ್ಯ ಗ್ರಾಮಸ್ಥರೇ, ತಮಗೆ ಆದರದ ಸ್ವಾಗತ. ಹೆಸರು ನೋಂದಾಯಿಸಲು ಒಂದನ್ನು ಒತ್ತಿರಿ." ಆಹಾ, ಏನು ಗಾಂಭೀರ್ಯ! ನಾನೇ ಮತ್ತೆ ಮತ್ತೆ ಕೇಳಿ ತಲೆದೂಗಿದೆ.

ಒಬ್ಬರೂ ಒತ್ತಲಿಲ್ಲ. ವಿಚಾರಿಸೋಣವೆಂದು ಗಂಗವ್ವನ ಮನೆಗೆ ಹೋದರೆ, ಆಕೆ ಮುಖ ತಿರುಗಿಸಿ ಕುಳಿತಳು.

"ಯಾಕಬೇ ಗಂಗವ್ವಾ, ಸಿಟ್ಟಾಗಿಯೇನು?"

"ಫೋನ್ ಮಾಡಿದೆಲ್ಲೋ, ಹೇಂತಿ ಮಕ್ಳು ಆರಾಮ ಅದಾರೇನೋ ತಮ್ಮಾ ಅಂತ ಕೇಳಿದ್ನಿ. ಹ್ಞೂಂ ಅನ್ನಲಿಲ್ಲ, ಹ್ಞಾಂ ಅನ್ನಲಿಲ್ಲ, ನಿಂದ ನೀ ಒದರಿ ಇಟ್ಟಿ! ಮ್ಯಾಲ ಒಂದ ಒತ್ತಬೇಕಂತ. ಒಂದ ಯಾವದು, ಎರಡ ಯಾವದು ಕಾಣ್ತಿದ್ರ ನಿನ್ನ ಕ್ಯಾಂಪಿಗೆ ನಾ ಯಾಕ ಬರ್ಲಿ?"

ಊರಿನವರೆಲ್ಲರದೂ ಅದೇ ಸಿಟ್ಟು. ಮಾತಾಡಿಸಿದರೆ ಉತ್ತರ ಕೊಡದಷ್ಟು ಸೊಕ್ಕು ಬಂದಿದೆಯಂತೆ ನನಗೆ! ತಕ್ಷಣ ತಪ್ಪು ತಿದ್ದಿಕೊಂಡೆ. ಎಲ್ಲರಿಗೂ ಕ್ಷಮಾಪಣೆಯ ಕರೆ ಕಳಿಸಿದೆ. ಅದೂ ರೆಕಾರ್ಡ್ ಮಾಡಿದ್ದೇ! "ಕ್ಷಮಿಸಿದ್ದರೆ ಒಂದನ್ನು ಒತ್ತಿರಿ."

ಶಿಬಿರದ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲಿತ್ತು, ಬುಟ್ಟಿ ತುಂಬ ಚುರಮುರಿ ಇತ್ತು, ಡಾಕ್ಟರಿದ್ದರು. ಕಣ್ಣುಗಳೇ ಬಂದಿರಲಿಲ್ಲ!

"ಪೇಶಂಟ್ ಕುಠೆ ಆಹೇತ?" ಪೇಶಂಟುಗಳು ಎಲ್ಲಿ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿ ವಾಚು ನೋಡಿಕೊಂಡರು. ಅವರ ಗಾಡಿ ಹೊರಟರೆ ಗಂಗವ್ವನಿಗೆ ಕತ್ತಲೆಯೇ ಖಾಯಂ.

"ಏಳ್ರಿ. ನೀವೇನೂ ಮಾತಾಡಬ್ಯಾಡ್ರಿ, ಬರೇ ಚಾ ಕುಡೀರಿ," ಎಂದು ಸುನಂದಾ ನನ್ನನ್ನು ಎಳೆದುಕೊಂಡು ಹೊರಟಳು.

ನಮ್ಮ ಕಡೆ ಮನೆಗೆ ಬಂದು, ಕುಳಿತು, ಚಹಾ ಕುಡಿದು ಕರೆದರಷ್ಟೇ ಕರೆದಂತೆ. ಅವಳು ಸೊಸೆಯ ಬಾಣಂತನ, ಎಮ್ಮೆಯ ಹಾಲು, ಮೊಣಕಾಲು ನೋವು ಎಲ್ಲವನ್ನೂ ವಿಚಾರಿಸಿ, ಕೊನೆಗೆ "ಬರ್ರಿ" ಎನ್ನುತ್ತಿದ್ದಳು. ನಾನು ಕಪ್ಪಿನ ಮೇಲೆ ಕಪ್ಪು ಚಹಾ ಕುಡಿದು ಪ್ರಾಯಶ್ಚಿತ್ತ ಮಾಡಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಗವ್ವ ನನ್ನ ಕೈ ಹಿಡಿದುಕೊಂಡೇ ಬಂದಳು. ಬೈಯುತ್ತಲೇ ಬಂದಳೆನ್ನಿ!

ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮೇಲೆ ನಾವಿಬ್ಬರೂ ಅವಳನ್ನು ನೋಡಲು ಹೋದೆವು. ಗಂಗವ್ವ ಸುನಂದಾಳ ಗಲ್ಲ ಸವರಿ, "ಎಷ್ಟ ಚಂದ ಅದಿಯವಾ!" ಎಂದಳು. ನನಗೂ ಕಣ್ಣು ತುಂಬಿ ಬಂತು. ಆಮೇಲೆ ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮತ್ತೊಮ್ಮೆ ನೋಡಿದಳು. ಸುನಂದಾಳ ಕಡೆ ತಿರುಗಿ ಕೇಳಿದಳು:

"ಪಾಪ, ಇಂಥಾವನ ಜೋಡಿ ಹೆಂಗ ಬಾಳೇವು ಮಾಡ್ತಿಯವಾ?"

ಆಪರೇಷನ್ ನೂರಕ್ಕೆ ನೂರು ಯಶಸ್ವಿಯಾಗಿತ್ತು!